ಹೆಸರಿನ ಮುಂದಿನ ಶಿಲುಬೆ

ಹೇಳಿಬಿಟ್ಟರೆ ಏನಾದೀತು? ಪೊಲೀಸರೇನೂ ಬರುವುದಿಲ್ಲ, ಅವತ್ತು ಹೇಳಿಕೆ ಬರೆದುಕೊಂಡ ಪೊಲೀಸನೇ ಸತ್ತು ಇಪ್ಪತ್ತು ವರ್ಷ ಕಳೆಯಿತು. ರಾಸ್‌ನ ಅಪ್ಪ ಇಲ್ಲ, ಅಮ್ಮ ಇಲ್ಲ. ಯಾರ ಜೀವ ನೋಯಬಾರದೆಂದು ಆ ಸುಳ್ಳು ಹೇಳಿದ್ದೋ ಅವರೆಲ್ಲ ಮಣ್ಣಾಗಿದ್ದಾರೆ. ಹಾಗಾದರೆ ಇನ್ನು ಅದನ್ನು ಕಾಪಾಡುತ್ತಿರುವುದು ಯಾರಿಗಾಗಿ? ಹೇಳಬಹುದು. ಹೇಳಲೇಬೇಕು. ಆದರೆ ಬಾಯಿ ತೆರೆದರೆ ಮೊದಲು ಬರುವ ಮಾತು ಯಾವುದು? ‘ರಾಸ್ ತಾನಾಗಿಯೇ ಹೋದ’ ಎನ್ನುವುದೋ, ‘ನಾನು ಸುಳ್ಳು ಹೇಳಿದೆ’ ಎನ್ನುವುದೋ? ಯಾವುದು ಮೊದಲು ಬಂದರೂ ಇನ್ನೊಂದು ಅದರ ಬೆನ್ನಿಗೇ ಬರುತ್ತದೆ. ಎರಡನೆಯದನ್ನು ನುಂಗಿ ಮೊದಲನೆಯದನ್ನಷ್ಟೇ ಹೇಳುವ ಉಪಾಯ ಇಲ್ಲ.

ಕ್ಲೆಮ್ ಪಿಕಪ್ ಗಾಡಿಯ ಎಂಜಿನ್ ಆರಿಸಿ ಕಾಲು ಗಂಟೆಯಾಗಿತ್ತು. ಸ್ಟೀರಿಂಗ್ ಹಿಡಿದ ಕೈ ಹಾಗೇ ಇತ್ತು.

ಗಾಜಿನಾಚೆ ಮಿರಂಬೂಲ್‌ನ ಯುದ್ಧಸ್ಮಾರಕ. ಬೂದು ಗ್ರಾನೈಟಿನ ಕಂಬ, ತುದಿಯಲ್ಲಿ ಬಂದೂಕಿನ ಮೇಲೆ ಕೈಯೂರಿ ತಲೆ ತಗ್ಗಿಸಿದ ಕಲ್ಲಿನ ಸಿಪಾಯಿ, ಸಿಪಾಯಿಯ ಟೋಪಿಯ ಮೇಲೆ ಯಾವಾಗಲೂ ಒಂದು ಮ್ಯಾಗ್‌ಪೈ ಹಕ್ಕಿ. ಕಂಬದ ನಾಲ್ಕೂ ಮೈಗೆ ಹೆಸರುಗಳು. ಈ ಸೀಮೆಯಲ್ಲಿ ಸತ್ತವರನ್ನಷ್ಟೇ ಕೆತ್ತುವುದಿಲ್ಲ; ಹೋದವರನ್ನೆಲ್ಲ ಕೆತ್ತುತ್ತಾರೆ. ಮರಳಿ ಬಾರದವನ ಹೆಸರಿನ ಮುಂದೆ ಮಾತ್ರ ಬೆರಳ ತುದಿಯಷ್ಟು ದೊಡ್ಡ ಶಿಲುಬೆ. ಊರಿನ ಮಕ್ಕಳು ಅಕ್ಷರ ಕಲಿಯುವ ಮೊದಲೇ ಆ ಗುರುತನ್ನು ಓದಲು ಕಲಿಯುತ್ತಾರೆ.

ವಿಯೆಟ್ನಾಮಿಗೆ ಹೋದ ಹನ್ನೊಂದು ಜನರ ಹೆಸರು ಮಾತ್ರ ಅಲ್ಲಿರಲಿಲ್ಲ. ಹೋಗಿಬಂದು ಐವತ್ತು ವರ್ಷವಾಗುತ್ತ ಬಂದ ಮೇಲೆ ಈಗ ಊರಿಗೆ ನೆನಪಾಗಿತ್ತು. ಹೊಸ ಫಲಕ, ಹನ್ನೊಂದು ಹೆಸರು. ಅದರಲ್ಲಿ ಕ್ಲೆಮ್‌ನದೂ ಒಂದು, ಅವನ ಗೆಳೆಯ ರಾಸ್ ಪೆಂಗೆಲಿಯದೂ ಒಂದು. ನಕ್ಷೆ ನಾಳೆ ಕಲ್ಲುಕುಟಿಗನ ಕೈಸೇರಬೇಕು. ಇವತ್ತಿನದೇ ಸ್ಮಾರಕ ಸಮಿತಿಯ ಕೊನೆಯ ಸಭೆ. ರಾಸ್‌ನ ಹೆಸರಿನ ಮುಂದೆ ಶಿಲುಬೆ ಬೇಕು ಎಂದು ಅವನ ತಂಗಿ ನೊರೀನ್ ಅರ್ಜಿ ಕೊಟ್ಟಿದ್ದಳು.

ಗಾಜಿನ ಮೇಲೆ ಉಂಗುರದ ಸದ್ದಾಯಿತು. ನೊರೀನ್‌ಳೇ.

“ಏನ್ ಕ್ಲೆಮ್, ಗಾಡೀಲೇ ಸಂಸಾರ ಹೂಡಿದ್ಯಾ?”

“ಹತ್ತು ಗಂಟೆ ಆಗ್ಲಿ ಅಂತ ಕೂತಿದ್ದೆ.”

“ಹತ್ತಾಗಿ ಐದು ನಿಮಿಷ ಆಯ್ತು. ಇಳಿ. ಆ ಮೊಣಕಾಲು ಇಟ್ಕೊಂಡು ನೀನು ನೆಲ ಮುಟ್ಟೋಕೆ ಇನ್ನೈದು ನಿಮಿಷ ಬೇಕು.”

ಅರವತ್ತನಾಲ್ಕರ ಹೆಂಗಸು. ಬಿಸಿಲಿಗೆ ಸುಟ್ಟ ಕತ್ತು, ಗಂಡಸರ ಅಂಗಿ, ಕೂದಲನ್ನು ತಾನೇ ಕತ್ತರಿಸಿಕೊಂಡದ್ದು ನೋಡಿದರೇ ತಿಳಿಯುತ್ತಿತ್ತು. ಕ್ಲೆಮ್ ಬಾಗಿಲು ಹಿಡಿದು ಇಳಿದ.

“ಕೈ ಖಾಲಿ ಇದೆ. ಕೇಕ್ ಎಲ್ಲಿ?”

“ಮೂವತ್ತು ವರ್ಷದಿಂದ ಈ ಊರಿನ ಒಂದೊಂದ್ ಸಭೆಗೂ ಕೇಕ್ ಹೊತ್ತಿದ್ದೀನಿ. ಇವತ್ತು ಬಾಯಿ ಮಾತ್ರ ತಂದಿದ್ದೀನಿ.” ಅವಳು ನಗಲಿಲ್ಲ. “ಕೇಳು. ನೀನು ನನ್ನ ಪರ ವಾದ ಮಾಡೋದೇನೂ ಬೇಡ. ನಾನು ಕೇಳ್ದಾಗ ಅವತ್ತು ನೋಡಿದ್ದನ್ನ ನೋಡಿದ ಹಾಗೆ ಹೇಳು. ಅಷ್ಟೇ.”

“ಹೂಂ.”

“ಹೂಂ ಅಂದ್ರೆ?”

“ಹೂಂ ಅಂದ್ರೆ ಹೂಂ ಕಣೇ. ನಡಿ.”

ಊರಿನ ಹಾಲ್‌ನ ಮೆಟ್ಟಿಲು ಹತ್ತುವಾಗ ಅವಳು ಮುಂದೆ, ಅವನು ಹಿಂದೆ. ನೋಡಿದ್ದನ್ನು ನೋಡಿದ ಹಾಗೆ.

ನೋಡಿದ್ದು ಇದು. ಎಪ್ಪತ್ತೆರಡರ ಫೆಬ್ರವರಿ, ಗೋಧಿ ಕೊಯ್ದು ಮುಗಿದ ಬಯಲು, ಮಧ್ಯಾಹ್ನ ಮೂರರ ಬಿಸಿಲು. ಎರವಲು ತಂದಿದ್ದ ತಂತಿ ಎಳೆಯುವ ಸಾಧನವನ್ನು ವಾಪಸು ಕೊಡಲು ಕ್ಲೆಮ್ ಪೆಂಗೆಲಿಯವರ ಮನೆಗೆ ಹೋಗಿದ್ದ. ಮನೆಯಲ್ಲಿ ಯಾರೂ ಇರಲಿಲ್ಲ, ಗೂಟದಲ್ಲಿ ರೈಫಲ್ಲೂ ಇರಲಿಲ್ಲ. ನೀರಿನ ಟ್ಯಾಂಕಿನ ನೆರಳಲ್ಲಿ ನಾಯಿ ಕಟ್ಟಿಹಾಕಿತ್ತು, ಅದರ ಮುಂದೆ ಬೋಗುಣಿ ತುಂಬ ನೀರು. ಮೊಲದ ಬೇಟೆಗೆ ಹೋಗುವವನು ನಾಯಿಯನ್ನು ಕಟ್ಟಿಹಾಕಿ ಹೋಗುವುದಿಲ್ಲ. ಅದನ್ನು ನೋಡಿದ್ದೇ ಕ್ಲೆಮ್ ಕೈಯಲ್ಲಿದ್ದ ಸಾಧನವನ್ನು ಅಲ್ಲೇ ಬಿಟ್ಟು ಓಡಿದ. ಉಣ್ಣೆ ಕತ್ತರಿಸುವ ಕೊಟ್ಟಿಗೆಯ ಹಿಂದೆ, ಮರದ ಬುಡದಲ್ಲಿ, ರಾಸ್ ಇದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಪಕ್ಕದಲ್ಲಿ ಮನೆಯ ರೈಫಲ್, ಪಕ್ಕದೂರಿನ ಅಂಗಡಿಯ ಚೀಟಿ ಅಂಟಿಸಿದ ಹೊಸ ಗುಂಡಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಒಂದೇ ಒಂದು ಗುಂಡು ಕಡಿಮೆ.

ಆಮೇಲೆ ಕ್ಲೆಮ್ ಮಾಡಿದ್ದನ್ನು ಯೋಚಿಸಿ ಮಾಡಲಿಲ್ಲ. ನಾಯಿಯನ್ನು ಬಿಚ್ಚಿದ. ರಾಸ್‌ನನ್ನು ಎತ್ತಿ ಇಪ್ಪತ್ತು ಹೆಜ್ಜೆ ಆಚೆಯ ಮುಳ್ಳುತಂತಿ ಬೇಲಿಯವರೆಗೆ ಹೊತ್ತ. ಹೊತ್ತು ಅಭ್ಯಾಸವಿತ್ತು, ಇಬ್ಬರಿಗೂ ಅದನ್ನು ಸೈನ್ಯ ಕಲಿಸಿತ್ತು. ರೈಫಲನ್ನು ತಂತಿಗೆ ಒರಗಿಸಿದ. ಗುಂಡಿನ ಪೆಟ್ಟಿಗೆಯನ್ನು ಹೊಲದ ಕಟ್ಟೆಯ ನಡುನೀರಿಗೆ ಎಸೆದ. ಆಮೇಲೆ ಮನೆಯೊಳಗೆ ಹೋಗಿ ಪೊಲೀಸರಿಗೆ ಫೋನ್ ಮಾಡಿ, “ಬೇಲಿ ದಾಟುವಾಗ ಗುಂಡು ಹಾರಿತು” ಎಂದ.

ಆ ಒಂದು ಮಾತು ಸಾಕಿತ್ತು. ಆ ಕಡೆ ಬೇಲಿಗಳು ಎಷ್ಟು ಗಂಡಸರನ್ನು ತಿಂದಿದ್ದವೋ ಲೆಕ್ಕವಿಲ್ಲ. ಬೆಳೆ ಕೆಟ್ಟವನು, ಹೆಂಡತಿ ಬಿಟ್ಟವನು, ಯುದ್ಧದಿಂದ ಬಂದು ನಿದ್ದೆ ಕಳೆದುಕೊಂಡವನು, ಎಲ್ಲರೂ ಬೇಲಿ ದಾಟುವಾಗಲೇ ಹೋದವರು. ಹಾಗೆಂದ ಕೂಡಲೇ ಕೇಳಿದವರು ಟೋಪಿ ತೆಗೆದು ನೆಲ ನೋಡುತ್ತಿದ್ದರು, ಮುಂದಿನ ಪ್ರಶ್ನೆ ಹುಟ್ಟುತ್ತಿರಲಿಲ್ಲ. ತಾಯಿ ಚರ್ಚಿನಲ್ಲಿ ತಲೆಯೆತ್ತಿ ಕೂರಬಹುದಿತ್ತು. ಅದು ಊರಿಗೆ ಊರೇ ಸೇರಿ ನೇಯ್ದಿಟ್ಟ ಕಂಬಳಿ. ಯಾರ ಮನೆಯಲ್ಲಿ ಬೇಕಾದರೂ ಹೊದಿಸಬಹುದಿತ್ತು.

ಆದರೆ ರಾಸ್‌ನ ಮನೆಯಲ್ಲಿ ಆ ಕಂಬಳಿ ಸಾಲಲಿಲ್ಲ. ಅವತ್ತು ಬೆಳಿಗ್ಗೆ ಕೋಳಿಗೂಡಿಗೆ ಕಂದು ಹಾವು ಬಂದಿತ್ತು. ಹತ್ತೊಂಬತ್ತರ ನೊರೀನ್ ರೈಫಲ್ ತಂದು ಹೊಡೆದಿದ್ದಳು. ಮನೆಯಲ್ಲಿ ಉಳಿದಿದ್ದುದೇ ಎರಡು ಗುಂಡು. ಒಂದು ತಪ್ಪಿತು, ಎರಡನೆಯದು ತಗುಲಿತು, ಖಾಲಿ ಬಂದೂಕನ್ನು ಗೂಟಕ್ಕೆ ತೂಗುಹಾಕಿ ಕೆಲಸಕ್ಕೆ ಹೋದೆ ಎಂದಳು ಅವಳು. ಒಂದೇ ಸದ್ದು ಕೇಳಿಸಿತ್ತು ಎಂದ ಅಪ್ಪ. ಮನೆಯಲ್ಲಿ ಬೇರೆ ಗುಂಡೇ ಇಲ್ಲದ ಮೇಲೆ ಮಗನನ್ನು ಕೊಂದ ಗುಂಡು ಎಲ್ಲಿಯದು? ಹುಡುಗಿ ಒಳಗೇ ಬಿಟ್ಟದ್ದು. ಖಾಲಿ ಎಂದುಕೊಂಡು ರಾಸ್ ಎತ್ತಿಕೊಂಡು ಹೋಗಿದ್ದು, ಎಂಬುದು ಅಪ್ಪನ ಲೆಕ್ಕ. ಸಾವಿನ ವಿಚಾರಣೆಯ ದಿನ ಅಪ್ಪ ಮಗಳ ಕಡೆ ನೋಡದೆ, “ಕೊನೇಲಿ ಬಂದೂಕು ಮುಟ್ಟಿದ್ದು ನಮ್ಮ ಹುಡುಗಿ” ಎಂದ. ಕ್ಲೆಮ್ ಎರಡನೆಯ ಬೆಂಚಿನಲ್ಲಿ ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು ಕೂತಿದ್ದ. ಆಗ ಎದ್ದು ನಿಲ್ಲಬಹುದಿತ್ತು. ಇಪ್ಪತ್ತೈದು ವರ್ಷದ ದೇಹ, ಮೊಣಕಾಲು ಗಟ್ಟಿಯಾಗಿತ್ತು.

ಎದ್ದು ನಿಲ್ಲಲಿಲ್ಲ ಮಾತ್ರವಲ್ಲ, ಆಮೇಲೆ ವರ್ಷಗಟ್ಟಲೆ ಭಾನುವಾರ ಭಾನುವಾರ ಅದೇ ಮನೆಯ ಮೇಜಿನಲ್ಲಿ ಕೂತು ಹುರಿದ ಕುರಿಮಾಂಸ ಉಂಡ. ರಾಸ್‌ನ ಕುರ್ಚಿಯನ್ನು ಅವನಿಗೆ ಕೊಟ್ಟಿದ್ದರು. ಬಡಿಸುತ್ತಿದ್ದವಳು ನೊರೀನ್. ಅಪ್ಪ ಮಗಳ ಕೈಯಿಂದ ತಟ್ಟೆ ತೆಗೆದುಕೊಳ್ಳುತ್ತಿದ್ದ, ಮುಖ ನೋಡುತ್ತಿರಲಿಲ್ಲ. ಕ್ಲೆಮ್ ಅದನ್ನು ನೋಡುತ್ತಿದ್ದ. ನೋಡಿ, ಇನ್ನೊಂದು ತುಂಡು ಹಾಕಿಸಿಕೊಳ್ಳುತ್ತಿದ್ದ.

ಹಾಲ್‌ನಲ್ಲಿ ಉದ್ದನೆಯ ಮೇಜು, ಅದರ ಮೇಲ್ತುದಿಯಲ್ಲಿ ನೆವಿಲ್ ಸ್ಟ್ರಾಕನ್. ಸಮಿತಿಯ ಅಧ್ಯಕ್ಷ, ಔಷಧಿ ಅಂಗಡಿಯವನು, ಅರವತ್ತರ ಆಸುಪಾಸಿನ ಚೊಕ್ಕ ಮನುಷ್ಯ. ಅವನ ಅಪ್ಪ ಆರ್ಥರ್ ಎರಡನೆಯ ಮಹಾಯುದ್ಧದಲ್ಲಿ ಹೋರಾಡಿ ಬಂದವನು. ಅವನ ಹೆಸರು ಕಂಬದ ಪೂರ್ವದ ಮೈಯಲ್ಲಿತ್ತು. ನಡಾವಳಿ ಬರೆಯಲು ನಿವೃತ್ತ ಶಾಲಾ ಮೇಡಂ ಗ್ವೆನ್, ಜೊತೆಗೆ ಇನ್ನಿಬ್ಬರು ಸದಸ್ಯರು. ಮೇಜಿನ ಮೇಲೆ ಫಲಕದ ನಕ್ಷೆ ಹಾಸಿತ್ತು. ಹನ್ನೊಂದು ಹೆಸರು, ಒಂದಕ್ಕೂ ಗುರುತಿಲ್ಲ.

“ಕೇಕ್ ಇಲ್ವಾ ನೊರೀನ್?” ಎಂದಳು ಗ್ವೆನ್.

“ಇಲ್ಲ.”

ಗ್ವೆನ್ ಚಹಾದ ಕಪ್ಪುಗಳನ್ನು ಬದಿಗೆ ಸರಿಸಿದಳು.

“ನೋಡಮ್ಮ ನೊರೀನ್,” ನೆವಿಲ್ ಕನ್ನಡಕ ಸರಿಮಾಡಿಕೊಂಡ. “ನಮಗ್ಯಾರಿಗೂ ನಿನ್ನ ಮೇಲೆ ಸಿಟ್ಟಿಲ್ಲ. ರಾಸ್ ಒಳ್ಳೇ ಹುಡುಗ. ಆದ್ರೆ ಶಿಲುಬೆ ಅಂದ್ರೆ ಯುದ್ಧದಲ್ಲಿ ಸತ್ತವರಿಗೆ. ಇಲ್ಲಾ, ಯುದ್ಧದ ಗಾಯದಿಂದ ಆಮೇಲೆ ಸತ್ತವರಿಗೆ. ದೇವರ ದಯೆ, ಮಿರಂಬೂಲ್ ಆ ಯುದ್ಧದಲ್ಲಿ ಒಬ್ಬರನ್ನೂ ಕಳಕೊಳ್ಳಲಿಲ್ಲ.”

“ಒಬ್ಬರನ್ನೂ,” ಎಂದಳು ನೊರೀನ್.

“ರೆಕಾರ್ಡ್ ಹಾಗೇ ಹೇಳುತ್ತೆ. ಹೊಲದಲ್ಲಿ ಆದ ಅಪಘಾತ. ಬೇಲಿ ದಾಟುವಾಗ.”

“ಆ ಬೇಲೀನ ಅವನು ನಾಲ್ಕು ವರ್ಷದವನಿದ್ದಾಗಿಂದ ದಾಟ್ತಿದ್ದ ನೆವಿಲ್. ಕಣ್ಣು ಮುಚ್ಕೊಂಡು ದಾಟೋನು. ಅಂಥವನು ಬಂದೂಕಿನ ಬಾಯಿ ತನ್ನ ಕಡೆ ಇಟ್ಕೊಂಡು ದಾಟ್ತಾನಾ? ವಾಪಸ್ ಬಂದ್ಮೇಲೆ ಅವನು ಮಂಚದ ಮೇಲೆ ಮಲಗ್ಲೇ ಇಲ್ಲ, ಗೊತ್ತಾ ನಿಂಗೆ? ಹೆಲಿಕಾಪ್ಟರ್ ಸದ್ದು ಬಂದ್ರೆ ಮೇಜಿನ ಕೆಳಗೆ ಹೋಗ್ತಿದ್ದ. ನಮ್ಮಮ್ಮ ಕಸ ಗುಡಿಸೋ ನೆಪದಲ್ಲಿ ಅವನ ಪಕ್ಕ ಹೋಗಿ ಕೂರೋಳು.”

“ಇರಬಹುದು. ಆದ್ರೆ ಹಾಗಿರಬಹುದು, ಹೀಗಿರಬಹುದು ಅಂತ ಕಲ್ಲಿನ ಮೇಲೆ ಕೆತ್ತೋಕಾಗಲ್ಲ.”

ನೊರೀನ್ ತನ್ನ ಎರಡೂ ಅಂಗೈಯನ್ನು ಮೇಜಿನ ಮೇಲೆ ಊರಿದಳು.

“ಒಂದ್ ಮಾತು ಹೇಳ್ತೀನಿ, ಗ್ವೆನ್, ಬೇಕಾದ್ರೆ ಬರ್ಕೋ. ತೊಂಬತ್ತೊಂದರಲ್ಲಿ ನಮ್ಮಪ್ಪ ಸಾಯೋ ಹಿಂದಿನ ದಿನ. ಮೂರು ತಿಂಗಳು ಅವನ ಮಲ ಮೂತ್ರ ಬಳ್ದೋಳು ನಾನು. ಹತ್ತಿರ ಕರೆದ. ಹತ್ತೊಂಬತ್ತು ವರ್ಷ ಆದ್ಮೇಲೆ ಮೊದಲ ಸಲ ನನ್ನ ಮುಖ ನೋಡ್ದ. ನೋಡಿ ಏನಂದ ಗೊತ್ತಾ? ‘ನಿನ್ನನ್ನ ಕ್ಷಮಿಸಿದ್ದೀನಿ ಮಗಳೇ’ ಅಂದ.” ಅವಳ ಧ್ವನಿ ಏರಲಿಲ್ಲ, ಗಟ್ಟಿಯಾಯಿತು. “ಕ್ಷಮಿಸಿದ್ನಂತೆ! ಏನಕ್ಕೆ? ನಾನು ಎರಡು ಸಲ ಹೊಡೆದೆ. ಎರಡು. ಆ ಕ್ಷಮೆ ಇಟ್ಕೊಂಡು ಇಪ್ಪತ್ತಾರು ವರ್ಷ ಬದುಕಿದ್ದೀನಿ ನಾನು. ನನಗೆ ಶಿಲುಬೆ ಬೇಕಾಗಿರೋದು ಅಣ್ಣನ ಮರ್ಯಾದೆಗಲ್ಲ ನೆವಿಲ್. ಅವನನ್ನ ಕೊಂದಿದ್ದು ನಾನಲ್ಲ ಅಂತ ಎಲ್ಲಾದ್ರೂ ಒಂದ್ ಕಡೆ, ಕಲ್ಲಿನ ಮೇಲಾದ್ರೂ, ಬರೆದಿರ್ಲಿ ಅಂತ.”

ಗ್ವೆನ್ ಪೆನ್ನು ಕೆಳಗಿಟ್ಟಿದ್ದಳು.

ಕ್ಷಮೆಯ ಮಾತು ಕ್ಲೆಮ್‌ಗೆ ಗೊತ್ತಿರಲಿಲ್ಲ. ಆ ಮುದುಕನ ಅಂತ್ಯಸಂಸ್ಕಾರದಲ್ಲಿ ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

“ಕ್ಲೆಮ್,” ನೊರೀನ್ ತಿರುಗಿದಳು. “ಮೊದಲು ಅಲ್ಲಿಗೆ ಹೋದೋನು ನೀನು. ಅವತ್ತು ಏನ್ ನೋಡ್ದೆ ಅಂತ ಇವರಿಗೆ ಹೇಳು.”

ಎಲ್ಲರೂ ಅವನನ್ನು ನೋಡಿದರು. ನಾಯಿ ಕಟ್ಟಿತ್ತು. ಅಷ್ಟೇ ಸಾಕು, ಅದೊಂದನ್ನು ಹೇಳಿದರೆ ಉಳಿದದ್ದು ತಾನಾಗಿ ಬರುತ್ತದೆ. ನಾಯಿ ಕಟ್ಟಿತ್ತು ಎನ್ನಬೇಕು. ಆಗ ನೊರೀನ್ ಕೇಳುತ್ತಾಳೆ: ಕಟ್ಟಿದ್ದ ನಾಯಿಯನ್ನು ಬಿಚ್ಚಿದವರು ಯಾರು? ನಲವತ್ತೈದು ವರ್ಷ ನನ್ನ ಕೈಯಿಂದ ಅನ್ನ ಉಂಡವನು ಯಾರು?

ನೆವಿಲ್ ಕೆಮ್ಮಿ, ಉಪಕಾರ ಮಾಡುವವನ ಹಾಗೆ ಹೇಳಿದ: “ಕ್ಲೆಮ್‌ಗೆ ಯಾಕೆ ಕಷ್ಟ ಕೊಡ್ತೀಯಾ? ಅವನ ಹೇಳಿಕೆ ಆಗಲೇ ರೆಕಾರ್ಡಲ್ಲಿದೆಯಲ್ಲ.”

ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಕೇಳಿದ ಮೇಲೆಯೇ ತಾನು ಎದ್ದಿರುವುದು ಕ್ಲೆಮ್‌ಗೆ ತಿಳಿದದ್ದು.

“ರೆಕಾರ್ಡು! ಏಯ್ ನೆವಿಲ್, ಅರವತ್ತೊಂಬತ್ತರಲ್ಲಿ ನಿಮ್ಮಪ್ಪ ನಮ್ಮಿಬ್ಬರನ್ನ ಯೋಧರ ಕ್ಲಬ್ಬಿನ ಬಾಗಿಲಲ್ಲಿ ನಿಲ್ಸಿ ಏನಂದ ಅನ್ನೋದು ಯಾವ ರೆಕಾರ್ಡಲ್ಲಿದೆ? ನಾನು, ರಾಸ್. ಹೊಸ ಶೂ ಹಾಕ್ಕೊಂಡು ಹೋಗಿದ್ವಿ ಕಣೋ. ‘ಮೊದಲು ನಿಜವಾದ ಯುದ್ಧಕ್ಕೆ ಹೋಗ್ಬನ್ನಿ ಹುಡುಗ್ರಾ, ಆಮೇಲೆ ಬಿಯರ್ ಕೇಳಿ’ ಅಂದ. ಒಳಗೆ ಕೂತಿದ್ದವರೆಲ್ಲ ನಕ್ರು. ರಾಸ್ ನಗ್ಲಿಲ್ಲ. ನಾನು ನಕ್ಕೆ! ನಾಚಿಕೆ ಬಿಟ್ಟು ನಾನೂ ನಕ್ಕೆ!”

“ಅಪ್ಪ ಹಾಗೆ ಅಂದಿರಲಿಕ್ಕಿಲ್ಲ...”

“ಅಂದ! ಹುಟ್ಟಿದ ತಾರೀಖಿನ ಗೋಲಿಗಳನ್ನ ಲಾಟರಿ ಥರ ಎತ್ತಿ, ತಾರೀಖು ಬಂದವರನ್ನ ಹಂದಿಗಳನ್ನ ಆರಿಸೋ ಹಾಗೆ ಆರಿಸಿ ಕಳಿಸಿದ್ರಿ. ನಾವಾಗಿ ಕೇಳ್ಕೊಂಡು ಹೋದ್ವಾ? ಹೋಗುವಾಗ ಬ್ಯಾಂಡು, ಬರುವಾಗ ಬೆನ್ನು. ಐವತ್ತು ವರ್ಷ ಈ ಕಂಬದ ಮುಂದೆ ಹೂವಿಟ್ರಿ, ನಮ್ಮ ಒಂದ್ ಹೆಸರು ಬರೀಲಿಲ್ಲ. ಈಗ ಬರೆಯೋಕೆ ಕೂತಿರೋದು ಯಾಕೆ ಗೊತ್ತಾ? ನಾವು ಮುದುಕರಾದ್ವಿ, ಇನ್ನು ಯಾರನ್ನೂ ಏನೂ ಕೇಳಲ್ಲ ಅಂತ. ಮೊದಲ್ನೇ ಮಹಾಯುದ್ಧಕ್ಕೆ ಹೋದ ಆಲ್ಫ್ ಡನ್‌ಸ್ಟನ್ ಮನೆಗೆ ಬಂದು ಮೂರು ವರ್ಷ ಕೆಮ್ಮಿ ಕೆಮ್ಮಿ ಸತ್ತ, ಅವನಿಗೆ ಶಿಲುಬೆ ಇದೆ. ಅವನ ಎದೆಗೆ ವಿಷದ ಹೊಗೆ ಹೋಗಿತ್ತು, ಸರಿ. ರಾಸ್‌ನ ಎದೆಗೆ ಏನ್ ಹೋಗಿತ್ತು ಅಂತ ಯಾರಾದ್ರೂ ನೋಡಿದ್ರಾ? ಯಾವನಾದ್ರೂ ಒಬ್ಬ ಬಾಗಿಲು ತಟ್ಟಿದ್ನಾ?”

ಅವನು ಗ್ವೆನ್‌ಳ ಮುಂದಿನ ಪೆನ್ನು ಕಿತ್ತುಕೊಂಡ. ನಕ್ಷೆಯ ಮೇಲೆ ಬಾಗಿ ರಾಸ್‌ನ ಹೆಸರಿನ ಮುಂದೆ ಅಡ್ಡ ಒಂದು, ಉದ್ದ ಒಂದು ಗೀಟು ಎಳೆದ. ಕಾಗದ ಹರಿಯಿತು.

“ಇದು ಇಲ್ಲಿರ್ಬೇಕು. ಇಲ್ದಿದ್ರೆ ನನ್ನ ಹೆಸರು ತೆಗೀರಿ. ಉಳಿದ ಒಂಬತ್ತು ಜನರಿಗೂ ನಾನೇ ಫೋನ್ ಮಾಡ್ತೀನಿ. ಅವರವೂ ತೆಗೀರಿ. ಆಮೇಲೆ ಖಾಲಿ ಕಲ್ಲಿನ ಮುಂದೆ ನಿಂತು ಬ್ಯಾಂಡ್ ಊದ್ಸಿ!”

ಕೂಗುತ್ತ ಕೂಗುತ್ತಲೇ ಅವನಿಗೆ ಒಂದು ವಿಷಯ ಹೊಳೆದಿತ್ತು. ಈ ಸಿಟ್ಟು ನಿಜವಾದದ್ದೇ, ಒಂದಕ್ಷರವೂ ಸುಳ್ಳಲ್ಲ. ಆದರೆ ಎಷ್ಟು ಸಲೀಸಾಗಿ ಬರುತ್ತಿದೆ! ಕೂಗುತ್ತಿರುವಷ್ಟು ಹೊತ್ತು ನೊರೀನ್‌ಳ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ. ಅದು ಹೊಳೆದ ಮೇಲೂ ಅವನು ನಿಲ್ಲಿಸಲಿಲ್ಲ. ಇನ್ನಷ್ಟು ಕೂಗಿದ.

ಕೊನೆಗೆ ಉಸಿರು ಸಾಲದೆ ನಿಂತಾಗ ನೆವಿಲ್‌ನ ಮುಖ ಸುಣ್ಣದಂತಾಗಿತ್ತು. ಅವನು ಕೆಟ್ಟವನಲ್ಲ. ಅಪ್ಪನ ಫೋಟೋ ಗೋಡೆಯ ಮೇಲಿತ್ತು, ಅದರ ಕಡೆ ಒಮ್ಮೆ ನೋಡಿ ಕಣ್ಣು ತಗ್ಗಿಸಿದ.

“ಆಯ್ತು ಕ್ಲೆಮ್. ಕೂತ್ಕೋ. ಶಿಲುಬೆ ಹಾಕೋಣ. ಯಾರದಾದ್ರೂ ಆಕ್ಷೇಪಣೆ ಇದ್ಯಾ? ಇಲ್ಲ. ವಿಶೇಷ ಪ್ರಕರಣ ಅಂತ ಬರ್ಕೊಳ್ಳಿ ಗ್ವೆನ್.”

ಗ್ವೆನ್ ಬರೆದು, ನಿಯಮದಂತೆ ಓದಿ ಹೇಳಿದಳು. “ರಾಸ್ ಪೆಂಗೆಲಿಯವರು ಸ್ವಂತ ಹೊಲದಲ್ಲಿ ನಡೆದ ಬಂದೂಕು ಅಪಘಾತದಲ್ಲಿ ಮೃತರಾಗಿದ್ದರೂ, ಸಹಯೋಧರ ಕೋರಿಕೆಯ ಮೇರೆಗೆ ಹಾಗೂ ಅನುಕಂಪದ ಆಧಾರದ ಮೇಲೆ...”

ನೊರೀನ್ ಕಣ್ಣು ಮುಚ್ಚಿದಳು. ಓದಿ ಮುಗಿಯುವವರೆಗೆ ತೆರೆಯಲಿಲ್ಲ.

ಹೊರಗೆ ಬಿಸಿಲು ಬಿದ್ದಿತ್ತು. ಗೋಧಿ ತುಂಬಿದ ಲಾರಿಯೊಂದು ಸ್ಮಾರಕವನ್ನು ಸುತ್ತಿಕೊಂಡು ರೈಲು ನಿಲ್ದಾಣದ ಕಡೆ ಹೋಯಿತು. ಮೆಟ್ಟಿಲ ಮೇಲೆ ನೊರೀನ್ ಅವನಿಗಾಗಿ ನಿಂತಿದ್ದಳು.

“ಚೆನ್ನಾಗಿ ಕೂಗ್ದೆ,” ಎಂದಳು. “ನೆವಿಲ್‌ಗೆ ಅದು ಬೇಕಿತ್ತು.”

“ಸಿಕ್ತಲ್ಲ, ಶಿಲುಬೆ.”

“ಸಿಕ್ತು.”

ಅವಳು ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಳು. ಬೆಳಿಗ್ಗೆಯ ಗತ್ತು ಅವಳಲ್ಲಿ ಉಳಿದಿರಲಿಲ್ಲ.

“ಒಂದ್ ವಿಷಯ ಹೇಳ್ಲಾ ಕ್ಲೆಮ್? ಇಷ್ಟು ವರ್ಷ ನನಗೊಂದು ಆಸೆ ಇತ್ತು. ಕ್ಲೆಮ್ ಏನೋ ನೋಡಿದ್ದಾನೆ, ನಮ್ಮಪ್ಪ ಅಮ್ಮ ಇರೋವರೆಗೆ ಹೇಳ್ಬಾರ್ದು ಅಂತ ಸುಮ್ನಿದ್ದಾನೆ, ಒಂದಿನ ಹೇಳ್ತಾನೆ ಅಂತ. ಇವತ್ತು ಕೇಳಿದ್ದು ಅದಕ್ಕೇ. ನೀನು ಅಷ್ಟು ಸಿಟ್ಟಲ್ಲಿ ಎಲ್ಲಾ ಕಕ್ಕಿದೆ, ಅದೊಂದು ಬರ್ಲಿಲ್ಲ. ಅಂದ್ರೆ ಅದು ಇಲ್ಲ. ಇದ್ದಿದ್ರೆ ನೀನು ಹೇಳ್ತಿದ್ದೆ. ನೀನಲ್ದೆ ಇನ್ಯಾರು?”

ಅವನು ಬಾಯಿ ತೆರೆದ.

“ಅಪ್ಪ ಹೇಳಿದ್ದೇ ಸರಿ ಇರ್ಬೇಕು,” ಎಂದಳು ನೊರೀನ್. “ಒಂದೇ ಸದ್ದು. ಎರಡು ಸಲ ಹೊಡೆದೆ ಅಂತ ನಂಗೆ ನಾನೇ ಹೇಳ್ಕೊಂಡು ಹೇಳ್ಕೊಂಡು ಅದೇ ನೆನಪಾಗ್ಬಿಟ್ಟಿದೆ. ಹೋಗ್ಲಿ ಬಿಡು.”

“ನೊರೀನ್,” ಎಂದ ಕ್ಲೆಮ್.

“ಏನು?”

“ಟೈರಲ್ಲಿ ಗಾಳಿ ಕಮ್ಮಿ ಇದೆ. ಹಿಂದಿನ ಎಡಗಡೇದು. ನೋಡ್ಕೊಂಡು ಹೋಗು.”

ಅವಳು ತಿರುಗಿ ನೋಡಿ, ತಲೆಯಾಡಿಸಿ, ಕಾರು ಹತ್ತಿದಳು. ಅವನು ಅದು ಬೀದಿಯ ತಿರುವು ದಾಟುವವರೆಗೆ ನಿಂತೇ ಇದ್ದ. ಅವನ ಸಿಟ್ಟಿನ ಸುದ್ದಿ ಊಟದ ಹೊತ್ತಿಗೆ ಊರೆಲ್ಲ ಹಬ್ಬಿತು. ಬೇಕರಿಯಲ್ಲಿ, ಹೋಟೆಲಿನಲ್ಲಿ ಜನ ಅವನ ಬೆನ್ನು ತಟ್ಟಿ, ಗೆಳೆಯ ಅಂದರೆ ಹೀಗಿರಬೇಕು ಮಾರಾಯ ಎಂದರು. ಏಪ್ರಿಲ್ ಇಪ್ಪತ್ತೈದರಂದು, ಯೋಧರನ್ನು ನೆನೆಯುವ ದಿನ, ಫಲಕದ ಮುಸುಕು ತೆಗೆದಾಗ ಅವನನ್ನೂ ನೊರೀನ್‌ಳನ್ನೂ ಮುಂದಿನ ಸಾಲಿನಲ್ಲಿ ಅಕ್ಕಪಕ್ಕ ಕೂರಿಸಿದರು.

ನೀನು ಬಂದೂಕು ಖಾಲಿ ಮಾಡಿಯೇ ಇಟ್ಟಿದ್ದೆ, ರಾಸ್ ಹೊಸ ಗುಂಡು ತಂದು ತಾನೇ ತುಂಬಿಕೊಂಡ, ಆ ಪೆಟ್ಟಿಗೆಯನ್ನು ಕಟ್ಟೆಗೆ ಎಸೆದವನು ನಾನು ಎಂದು ಕ್ಲೆಮ್ ಅವಳಿಗೆ ಆ ದಿನವೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.